ಹೆದರದ ಅಳಿಲುಗಳು

ಹುಣಸೆ ತೋಪಿನಲ್ಲಿ ಗುಂಪಾಗಿರುವ ಅಳಿಲುಗಳು ಹದ್ದಿಗೆ ಎಷ್ಟು ಹೆದರುತ್ತವೆ ಎಂದು ಅಳೆಯಲು ಬಂದ ಸಂಶೋಧಕ, ಕೆಂಪು ಟೋಪಿ ತೊಟ್ಟು ಮೂರು ತಿಂಗಳಿಂದ ಒಂದೇ ಮರದಡಿ ಕೂತಿದ್ದ. ಊರಿನ ಮುದುಕಿ ಸಣ್ಣೀರಮ್ಮ ದಿನಾ ತನ್ನ ಕೋಳಿಯನ್ನೂ ಮರಿಗಳನ್ನೂ ತಂದು ಅವನ ಕಾಲ ಬುಡದಲ್ಲೇ ಬಿಡುತ್ತಿದ್ದಳು.

ಕೊನೆಗೊಂದು ದಿನ ಅವನು ರೇಗಿದ. "ಅಜ್ಜೀ, ಇಷ್ಟು ದೊಡ್ಡ ತೋಪು ಬಿಟ್ಟು ಇಲ್ಲಿಗೇ ಯಾಕೆ ತರ್ತೀಯ? ನಾನಿಲ್ಲಿ ಏನು ಮಾಡ್ತಿದೀನಿ ಅಂತಾದ್ರೂ ಗೊತ್ತಾ ನಿಂಗೆ?"

"ಏನು ಸ್ವಾಮಿ?"

"ಈ ಅಳಿಲುಗಳು ಒಂದು ಸಲಾನೂ ತಲೆ ಎತ್ತಿ ಆಕಾಶ ನೋಡಲ್ಲ. ಗುಂಪಲ್ಲಿದ್ರೆ ಭಯಾನೇ ಇರಲ್ಲ ಅಂತ ಕಂಡುಹಿಡಿದಿದೀನಿ. ಇದಕ್ಕೆ ನಂಗೆ ಡಾಕ್ಟರೇಟ್ ಸಿಗುತ್ತೆ. ಹೋಗ್ಲಿ ಬಿಡು, ಕೋಳಿ ಕಾಯೋರಿಗೆ ಇದೆಲ್ಲ ತಲೆಗೆ ಹತ್ತಲ್ಲ."

"ಹಂಗಾರೆ ಕೆಲ್ಸ ಮುಗೀತಾ?" ಮುದುಕಿಯ ಮುಖ ಸಣ್ಣಗಾಯಿತು.

"ಮುಗೀತು. ನಾಳೆ ಹೊರಡ್ತೀನಿ. ನಿಂಗೇನು ನಷ್ಟ?"

"ನೀವು ಬಂದು ಕೂತಾಗಿಂದ ಒಂದು ಹದ್ದೂ ಈ ಕಡೆ ಸುಳಿದಿಲ್ಲ ಸ್ವಾಮಿ. ಹೋಗೋದೇ ಆದ್ರೆ, ಆ ಟೋಪಿನಾದ್ರೂ ಒಂದು ಕೋಲಿಗೆ ಸಿಕ್ಕಿಸಿಟ್ಟು ಹೋಗಿ."