ಎದುರು ಬಾಲ್ಕನಿಯಲ್ಲಿ ಅತ್ತೆ

ಹ್ಯಾಲೋವೀನ್ ಅಲಂಕಾರಕ್ಕೆ ಈಗ ಪ್ಲಾಸ್ಟಿಕ್ ಅಸ್ಥಿಪಂಜರವನ್ನು ಯಾರೂ ಕೊಳ್ಳುವುದಿಲ್ಲ. ಅಸಲಿ ದೆವ್ವಗಳೇ ಬಾಡಿಗೆಗೆ ಸಿಗುತ್ತವೆ. ಅಪಾರ್ಟ್‌ಮೆಂಟಿನ ಸ್ಪರ್ಧೆ ಗೆಲ್ಲಲೇಬೇಕೆಂದು ವಾರಿಜಾ ದುಬಾರಿಯದನ್ನೇ ತರಿಸಿದ್ದಳು. ಅದು ಬಾಲ್ಕನಿಯಲ್ಲಿ ಕೂತು ತೂಕಡಿಸುತ್ತಿತ್ತು. ಎದುರು ಬಾಲ್ಕನಿಯ ದೆವ್ವವೋ ತಲೆಕೆಳಗಾಗಿ ಜೋತುಬಿದ್ದು ಕಿರುಚಿದ ರಭಸಕ್ಕೆ ತೀರ್ಪುಗಾರರೇ ಲಿಫ್ಟಿಗೆ ಓಡಿದರು. ಮೊದಲ ಬಹುಮಾನ ಅದಕ್ಕೇ. ವಾರಿಜಾ ಕಣ್ಣು ಕಿರಿದು ಮಾಡಿ ನೋಡಿದರೆ, ಹೋದ ವರ್ಷ ತೀರಿಕೊಂಡ ಅತ್ತೆ!

"ಏನತ್ತೆ ಇದು? ಸ್ವಂತ ಸೊಸೆ ಇರೋವಾಗ ಕಂಡೋರ ಮನೇಲಿ ಕಿರುಚೋದಾ?"

ಅತ್ತೆ ತಲೆಕೆಳಗಾಗಿಯೇ ಸೆರಗು ಸರಿಮಾಡಿಕೊಂಡರು. "ಪಿತೃಪಕ್ಷಕ್ಕೆ ನಿಮ್ಮನೆಗೇ ಬಂದಿದ್ದೆ ಕಣೇ. ನೀನೋ ಎಡೆ ಇಡೋಕೆ ಪುರುಸೊತ್ತಿಲ್ಲ ಅಂತ ಕೂತ್ಕೊಂಡು ಕುಂಬಳಕಾಯಿ ದೀಪ ಆರ್ಡರ್ ಮಾಡ್ತಿದ್ದೆ. ಇಲ್ಲಿ ದಿನಾ ಬಿಸಿಬಿಸಿ ವಡೆ ಹಾಕ್ತಾರೆ."

ವಾರಿಜಾಳ ಬಾಡಿಗೆ ದೆವ್ವಕ್ಕೆ ತಟ್ಟನೆ ಎಚ್ಚರವಾಯಿತು. "ವಡೆನಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಆಚೆ ಹಾರಿತು.