ವಾಷಿಂಗ್ ಮಷೀನಿಗೆ ಎರಡು ಹಿಡಿ ಜೋಳದ ಹಿಟ್ಟು

ಒದ್ದೆ ಜೋಳದ ಹಿಟ್ಟಿನ ವಾಸನೆ ಬಂದರೆ ನನಗೆ ಇಂದಿಗೂ ರೊಟ್ಟಿಯಲ್ಲ, ವಾಷಿಂಗ್ ಮಷೀನ್ ನೆನಪಾಗುತ್ತದೆ.

ಭಾಗ್ಯನಗರದ ನಮ್ಮ ಮನೆಗೆ ಅದು ಬಂದಾಗ ಎಲ್ಲರಿಗೂ ಕಾಣಲೆಂದು ಪಡಸಾಲೆಯಲ್ಲೇ ಇಟ್ಟಿದ್ದೆವು. ಎಂಟು ದಿನವಾಗಿರಲಿಲ್ಲ, ನೀರು ಸೋರತೊಡಗಿತು. ಅಪ್ಪ ನಳದ ಪೈಪು ಬಿಗಿ ಮಾಡಿದ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ. ಮೂರನೆಯ ಸಲವೂ ಚಪ್ಪಲಿ ತೇಲಿದಾಗ, "ಇದು ಖೊಟ್ಟಿ ಮಾಲು. ನಾಳೆ ವಾಪಸ್ ಕೊಟ್ಟು ಬರ್ತೀನಿ" ಎಂದ. ಅವ್ವ ಹಿತ್ತಲಿನ ಒಗೆಯುವ ಕಲ್ಲನ್ನೊಮ್ಮೆ ನೋಡಿದಳು, ಅಷ್ಟೇ.

ಆಗ ಅಜ್ಜಿ ಹಿಟ್ಟಿನ ಡಬ್ಬಿ ಹಿಡಿದು ಬಂದಳು. "ನೆಲ ಒರಸ್ರಿ. ಸುತ್ತ ಹಿಟ್ಟು ಉದುರಸ್ತೀನಿ. ಎಲ್ಲಿ ಮೊದಲ ತೊಯ್ತೈತಿ, ಅಲ್ಲೇ ತೂತು ಐತಿ."

ಮಷೀನು ಗುಡುಗುಡು ಎಂದು ನೀರು ಹೊರಹಾಕತೊಡಗಿದ ಕೂಡಲೇ ಹಿಂದಿನ ಮೂಲೆಯಲ್ಲಿ ಹಿಟ್ಟು ಕಣಕವಾಯಿತು. ಅಪ್ಪ ಮಷೀನು ಸರಿಸಿ ಬಗ್ಗಿ ನೋಡಿದ. ನೀರು ಹೊರಹೋಗುವ ಪೈಪಿಗೆ ಒಂದು ನಿಂಬೆಹಣ್ಣು, ಏಳು ಹಸಿಮೆಣಸಿನಕಾಯಿ ನೇತಾಡುತ್ತಿದ್ದವು. ಅವನ್ನು ಪೋಣಿಸಿದ ತಂತಿಯ ತುದಿ ಸೀದಾ ಪೈಪಿಗೆ ಚುಚ್ಚಿಕೊಂಡಿತ್ತು.

"ಯಾರು ಕಟ್ಟ್ಯಾರ ಇದನ್ನ?"

"ನಾನ" ಎಂದಳು ಅಜ್ಜಿ. "ಓಣಿ ಮಂದಿ ಎಲ್ಲಾ ಬಂದು ನೋಡಿ ಹೋದ್ರಲ್ಲ, ಕಣ್ಣು ತಾಗಬಾರದಂತ ಕಟ್ಟೀನಿ."

"ಯವ್ವಾ, ಸೋರಿದ್ದು ಇದರಿಂದನ!"

"ಎಂಥಾ ಕಣ್ಣು ಬಿದ್ದಿತ್ತು ನೋಡು ಮತ್ತ! ನಿಂಬಿಹಣ್ಣು ಇತ್ತಂತ ಬರೇ ಪೈಪಿಗೆ ಮುಗೀತು. ಇಲ್ಲಾಂದ್ರ ಮಷೀನ ಹೋಗ್ತಿತ್ತು."

ಅಪ್ಪ ನಳದಿಂದ ಟ್ಯೂಬಿನ ಪಟ್ಟಿ ಬಿಚ್ಚಿ ಆ ತೂತಿಗೆ ಸುತ್ತಿದ. ಅವ್ವ ಒಳಗೆ ಹೋಗಿ ಹೊಸ ನಿಂಬೆಹಣ್ಣೊಂದನ್ನು ತಂದು ಅಜ್ಜಿಯ ಕೈಗಿಟ್ಟಳು. ಜೊತೆಗೆ ಒಂದು ಮಾರು ನೂಲಿನ ದಾರವನ್ನೂ.