ಮೂರನೇ ದಿನದ ನೀರು

ಮರುಭೂಮಿಯ ಕಮರಿಯೊಳಗೆ ಐದು ದಿನ ನಡೆಯಲು ಹೊರಟವರ ಮುಂದಿರುವ ಅತ್ಯಂತ ಗಹನವಾದ ಪ್ರಶ್ನೆ ಬುಡುಬುಡಿಕೆ ಹಾವಿನದಲ್ಲ, ಹೇಳದೆ ಕೇಳದೆ ನುಗ್ಗುವ ನೆರೆಯದೂ ಅಲ್ಲ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯದು. ಅದನ್ನು ಗರಗಸದಿಂದ ಅರ್ಧಕ್ಕೆ ಕೊಯ್ದರೆ ಬೆನ್ನ ಮೇಲಿನ ಹೊರೆ ಕಾಲು ಔನ್ಸ್ ಇಳಿಯುತ್ತದೆ. ಎಸ್ಕಲಾಂಟೆ ಊರಿನ ನೆಡ್ರಾ ಮತ್ತು ಆರ್ಡಿತ್ ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಏಪ್ರಿಲ್‌ನಲ್ಲಿ ಈ ನಡಿಗೆಗೆ ಮುನ್ನ ನೆಡ್ರಾಳ ಅಡುಗೆಮನೆಯ ಮೇಜಿನ ಮೇಲೆ ತಮ್ಮ ಬ್ರಷ್ಷುಗಳನ್ನು ಜೋಡಿಸಿಟ್ಟು ಒಂದೇ ಸಲಕ್ಕೆ ಕೊಯ್ಯುತ್ತಿದ್ದರು. ಈ ವರ್ಷ ಆರ್ಡಿತ್ ತನ್ನ ಹೊಸ ಬ್ರಷ್ ಹಿಡಿದು ಬಂದಾಗ ಮೇಜಿನ ಮೇಲೆ ಎರಡು ಹಿಡಿಗಳ ತುಂಡುಗಳು ಆಗಲೇ ಬಿದ್ದಿದ್ದವು.

"ಮಾರ್ನಿ ಬೇಗ ಬಂದ್ಳು ಕಣೇ. ಸುಮ್ನೆ ಕೂರೋದ್ಯಾಕೆ ಅಂತ ನಮ್ಮಿಬ್ರದ್ದೂ ಮುಗಿಸ್ಬಿಟ್ವಿ," ಎಂದಳು ನೆಡ್ರಾ. "ಗರಗಸ ಅಲ್ಲೇ ಇದೆ ನೋಡು."

"ಇರ್ಲಿ ಬಿಡು. ನಂಗೆ ಉದ್ದ ಹಿಡೀನೇ ಇಷ್ಟ." ಯಾವಾಗಿನಿಂದ ಇಷ್ಟ ಎಂದು ಯಾರೂ ಕೇಳಲಿಲ್ಲ.

ಮಾರ್ನಿ ಕಳೆದ ಚಳಿಗಾಲದಲ್ಲಿ ನೆಡ್ರಾಳ ಪಕ್ಕದ ಮನೆ ಕೊಂಡವಳು. ಇವರಿಬ್ಬರಿಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಈ ಸಲದ ನಡಿಗೆಗೆ ಹೊಸದಾಗಿ ಸೇರಿದವಳು. ಅವಳ ಬೆನ್ನುಚೀಲವನ್ನು ನೆಡ್ರಾ ಮೀನು ತೂಗುವ ಕೊಕ್ಕೆ ತಕ್ಕಡಿಗೆ ನೇತುಹಾಕಿದಳು. ನೀರು, ಊಟ ಬಿಟ್ಟು ಹನ್ನೊಂದು ಪೌಂಡ್. ಆರ್ಡಿತ್‌ಳದು ಇಪ್ಪತ್ತನಾಲ್ಕು.

"ಹನ್ನೊಂದು! ಇದೇನು ಚೀಲಾನೋ ಗಾಳಿಪಟಾನೋ?" ಎಂದಳು ನೆಡ್ರಾ.

"ದಾರ ಕಟ್ಟಿ ಇಟ್ಕೊಳ್ಳಿ, ಹಾರಿ ಹೋದೀತು," ಎಂದಳು ಆರ್ಡಿತ್.

"ನಿಮ್ದ್ರಲ್ಲಿ ಟೆಂಟ್ ಬಟ್ಟೇನೇ ನಾಲ್ಕು ಪೌಂಡ್ ಇದೆ, ಅದಕ್ಕೇ ಅಷ್ಟು," ಎಂದಳು ಮಾರ್ನಿ. ನಿಜಕ್ಕೂ ಸಹಾಯ ಮಾಡುವ ದನಿ. ಅದೇ ಹೆಚ್ಚು ಚುಚ್ಚಿತು.

ಆ ಟೆಂಟಿನ ಬಟ್ಟೆ ಆರ್ಡಿತ್‌ಳ ಮನೆಯಲ್ಲಿ, ಕೋಲುಗಳು ನೆಡ್ರಾಳ ಮನೆಯಲ್ಲಿ ಇರುವುದು ಮೊದಲ ವರ್ಷದಿಂದ ಬಂದ ವಾಡಿಕೆ. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಹೊರಡುವ ಹಾಗಿರಲಿಲ್ಲ. ನೆಡ್ರಾ ಒಳಗೆ ಹೋಗಿ ಕೋಲುಗಳ ಕಟ್ಟನ್ನು ತಂದು, ಎರವಲು ಪಾತ್ರೆ ಹಿಂತಿರುಗಿಸುವವಳ ಹಾಗೆ ಆರ್ಡಿತ್‌ಳ ಮಡಿಲಲ್ಲಿಟ್ಟಳು.

"ಮಾರ್ನಿ ಟೆಂಟಲ್ಲಿ ಇಬ್ರಿಗೆ ಜಾಗ ಇದೆಯಂತೆ. ಇದನ್ನ ನೀನೇ ಇಟ್ಕೋ. ಹೇಗೂ ನನ್ನ ಗೊರಕೆ ಅಂತ ಬೈತಿದ್ಯಲ್ಲ, ಈ ಸಲ ಆರಾಮಾಗಿ ಮಲ್ಕೊ."

"ಬೈತಿದ್ದೆ. ಬೇಡ ಅಂತ ಯಾವಾಗ ಅಂದೆ?"

ನೆಡ್ರಾ ಕೇಳಿಸಿಕೊಳ್ಳಲಿಲ್ಲ. ಅವಳು ಮಾರ್ನಿಯ ನಕ್ಷೆ ಬಿಡಿಸುತ್ತಿದ್ದಳು. ದಾರಿಯಲ್ಲಿ ಮೂರನೇ ದಿನಕ್ಕೆ ಇರುವುದು ಒಂದೇ ಒರತೆ, ಬಂಡೆಯ ಬುಡದಲ್ಲಿ, ಒಂಟಿ ಮರವೊಂದರ ಹಿಂದೆ. ಅದು ಅಚ್ಚಾದ ಯಾವ ನಕ್ಷೆಯಲ್ಲೂ ಇಲ್ಲ. ಅದನ್ನು ಕಂಡವರು ಇವರಿಬ್ಬರೇ. ಯಾರಿಗೂ ಹೇಳಬಾರದೆಂದು ಮಾತಾಗಿತ್ತು. ಮಾರ್ನಿಯ ನಕ್ಷೆಯಲ್ಲಿ ಸರಿಯಾಗಿ ಅದೇ ಜಾಗದಲ್ಲಿ ನೆಡ್ರಾ ಇಟ್ಟ ನೀಲಿ ಚುಕ್ಕೆಯಿತ್ತು.

"ಆ ಒರತೆ ಬತ್ತಿದೆ," ಎಂದಳು ಆರ್ಡಿತ್.

"ಯಾರು ಹೇಳಿದ್ದು?" ಎಂದಳು ನೆಡ್ರಾ.

"ರೇಂಜರು. ಮೊನ್ನೆ ಸಿಕ್ಕಿದ್ದ. ಆ ಕಡೆ ಬಂಡೆ ಬುಡದ ಒರತೆಗಳೆಲ್ಲ ಬತ್ತಿವೆಯಂತೆ. ಎರಡನೇ ದಿನದ ಹಳ್ಳದಲ್ಲೇ ತಲೆಗೆ ಎರಡು ಗ್ಯಾಲನ್ ಹೆಚ್ಚಿಗೆ ತುಂಬಿ ಹೊತ್ಕೊಳ್ಳಿ ಅಂದ."

ತಿಂಗಳಿನಿಂದ ಅವಳು ಯಾವ ರೇಂಜರನ್ನೂ ಕಂಡಿರಲಿಲ್ಲ. ಆದರೆ ಎರಡು ಗ್ಯಾಲನ್ ಎಂದರೆ ಹದಿನಾರು ಪೌಂಡ್, ಮತ್ತು ನೀರನ್ನು ಗರಗಸದಿಂದ ಕೊಯ್ಯಲಾಗುವುದಿಲ್ಲ. ಮಾರ್ನಿ ತನ್ನ ಚೀಲದ ತೆಳ್ಳನೆಯ ಪಟ್ಟಿಯನ್ನು ಎಳೆದು ನೋಡಿದಳು. "ಇದು ಅಷ್ಟು ಭಾರ ತಡೆಯಲ್ಲ ಅನ್ಸುತ್ತೆ."

"ಹೌದಾ? ಪಾಪ," ಎಂದು ಆರ್ಡಿತ್ ತಟ್ಟೆಯಲ್ಲಿದ್ದ ಕೇಕಿನ ದೊಡ್ಡ ತುಂಡು ಎತ್ತಿಕೊಂಡಳು. ಅಷ್ಟೇ ನೀರನ್ನು, ಜೊತೆಗೆ ಇಡೀ ಟೆಂಟನ್ನು, ಅರವತ್ತೆರಡರ ತನ್ನ ಮೊಣಕಾಲೂ ಹೊರಬೇಕೆಂಬುದು ಆಗ ಅವಳಿಗೆ ದೊಡ್ಡದೆನಿಸಲಿಲ್ಲ.

ಮೂರನೇ ದಿನ ಮಧ್ಯಾಹ್ನ ಒಂಟಿ ಮರದ ಹಿಂದೆ ಇಣುಕಿದರೆ ಒರತೆ ನಿಜವಾಗಿಯೂ ಬತ್ತಿತ್ತು. ಬಿರಿದ ಕೆಸರಿನ ನಡುವೆ ಒಂದು ಕಪ್ಪೆ ಸಂಡಿಗೆಯ ಹಾಗೆ ಒಣಗಿ ಬಿದ್ದಿತ್ತು. ಮುಂದಿನ ನೀರಿಗೆ ಇನ್ನೂ ಒಂದು ದಿನದ ದಾರಿ. ಆರ್ಡಿತ್ ಇದ್ದಲ್ಲೇ ಕುಸಿದು ಕುಳಿತಳು. ದಣಿವಿಗೆ ಎಂದುಕೊಂಡರು ಉಳಿದಿಬ್ಬರು.

ನೀರಿನ ಭಾರಕ್ಕೆ ಭುಜದ ಚರ್ಮ ಕಿತ್ತುಹೋಗಿದ್ದ ಮಾರ್ನಿ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. "ನೀವು ವಿಚಾರಿಸಿರ್ಲಿಲ್ಲ ಅಂದಿದ್ರೆ ನಾವು ಮೂರೂ ಜನ..."

"ಇವಳು ಇರೋದೇ ಹಾಗೆ ಕಣಮ್ಮಾ," ನೆಡ್ರಾ ಆರ್ಡಿತ್‌ಳ ಬೆನ್ನು ತಟ್ಟಿದಳು. "ಇಪ್ಪತ್ತೆರಡು ವರ್ಷದಿಂದ ಇವಳ ನೆರಳಲ್ಲೇ ಬದುಕಿದೀನಿ ನಾನು."

ಸಂಜೆ ಮರದ ಕೆಳಗೆ ಎರಡು ಟೆಂಟುಗಳು ಎದ್ದವು. ನೆಡ್ರಾ ಮಾರ್ನಿಯ ಟೆಂಟಿನಲ್ಲಿ ಮಲಗಿದಳು.